ಮದ್ದಿನ ಮಗ್ಗುಲಲ್ಲಿ ಹತ್ತಿ

(ಚಡಚಣದ ಕೇಳುಗರಿಗಾಗಿ ಸಿದ್ಧಪಡಿಸಿದ ಉಪನ್ಯಾಸ)



ಏಪ್ರಿಲ್ 14 ಎಂದ ಕೂಡಲೆ ಎಲ್ಲರಿಗೂ ನೆನಪಾಗುವುದು ಬಾಬಾಸಾಹೇಬ ಅಂಬೇಡ್ಕರರ ಜಯಂತಿ. ಅದು ಸಹಜ, ಅದು ಯೋಗ್ಯ. ಆದರೆ ಅದೇ ದಿನ ಬೆಳಿಗ್ಗೆ ದೇಶದ ಅಗ್ನಿಶಾಮಕ ಠಾಣೆಗಳಲ್ಲಿ ಇನ್ನೊಂದು ಚಿಕ್ಕ ಕಾರ್ಯಕ್ರಮ ನಡೆಯುತ್ತದೆ. ಸಿಬ್ಬಂದಿ ಸಾಲಾಗಿ ನಿಲ್ಲುತ್ತಾರೆ, ಮೌನ ಆಚರಿಸುತ್ತಾರೆ, ಹೂವಿಡುತ್ತಾರೆ. ಅಂದಿನಿಂದ 20ರ ವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ. ಶಾಲೆಗಳಿಗೆ ಕೆಂಪು ವಾಹನ ಬರುತ್ತದೆ, ಮಕ್ಕಳ ಮುಂದೆ ನೀರು ಚಿಮ್ಮಿಸಿ ತೋರಿಸುತ್ತಾರೆ. ಇದೆಲ್ಲ ಯಾರ ನೆನಪಿಗಾಗಿ ಎಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ. ಅದು 66 ಜನ ಅಗ್ನಿಶಾಮಕರ ನೆನಪು. ಅವರು ಅಳಿದದ್ದು 1944ರ ಏಪ್ರಿಲ್ 14ರ ಶುಕ್ರವಾರ, ಮುಂಬಯಿ ಬಂದರಿನಲ್ಲಿ, ಒಂದು ಸರಕು ಹಡಗಿನ ಬೆಂಕಿ ಆರಿಸುವಾಗ. ಆ ಹಡಗಿನ ಹೆಸರು ಫೋರ್ಟ್ ಸ್ಟಿಕಿನ್.

ಸಮುದ್ರದಿಂದ ಇಷ್ಟು ದೂರದ, ಭೀಮೆಯ ದಡದ ಈ ಸೀಮೆಯಲ್ಲಿ ಹಡಗಿನ ಮಾತೇಕೆ ಎಂಬ ಪ್ರಶ್ನೆ ಏಳುವುದು ಸ್ವಾಭಾವಿಕ. ಅದಕ್ಕೆ ಮೂರು ಕಾರಣಗಳಿವೆ. ಮೊದಲನೆಯದಾಗಿ, 1944ರಲ್ಲಿ ಇಂದಿನ ವಿಜಯಪುರ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮುಂಬಯಿ ಎಂದರೆ ಇಲ್ಲಿಯ ಜನರಿಗೆ ಪರದೇಶವಲ್ಲ, ರಾಜಧಾನಿ. ಹೈಕೋರ್ಟು ಅಲ್ಲಿ, ಸಚಿವಾಲಯ ಅಲ್ಲಿ. ಮಳೆ ಕೈಕೊಟ್ಟ ವರ್ಷ ಹೋಟಗಿಯಲ್ಲಿ ಗಾಡಿ ಬದಲಿಸಿ ಕೂಲಿ ಹುಡುಕಿ ಹೋಗುವ ಊರೂ ಅದೇ. ಎರಡನೆಯದಾಗಿ, ಈ ಕಥೆಯ ನಡುವೆ ಇರುವುದು ಹತ್ತಿ. ಹತ್ತಿ ಬೆಳೆದ, ಜವಳಿ ಮಾರಿದ ಸೀಮೆಗೆ ಅದರ ಗುಣ ಬೇರೆಯವರು ಹೇಳಬೇಕಾಗಿಲ್ಲ. ಮೂರನೆಯದಾಗಿ, ಆ ದಿನ ಆ ಬಂದರಿನಲ್ಲಿ ನಾಶವಾದ ಹಡಗುಗಳಲ್ಲಿ ಒಂದು, ಇಲ್ಲಿಂದ ಅರ್ಧ ದಿನದ ದಾರಿಯೂ ಇಲ್ಲದ ಸೊಲ್ಲಾಪುರದಲ್ಲಿ ಹುಟ್ಟಿದ ವ್ಯಕ್ತಿಯ ಕಂಪನಿಗೆ ಸೇರಿದ್ದು. ಆ ಮಾತು ಮುಂದೆ ಬರುತ್ತದೆ.

ಅವಸರದ ಕಾಲದ ಹಡಗು

ಎರಡನೆಯ ಮಹಾಯುದ್ಧ ಆರಂಭವಾದಾಗ ಬ್ರಿಟನ್ನಿಗೆ ಎದುರಾದ ದೊಡ್ಡ ಸಂಕಟ ಸೈನ್ಯದ್ದಲ್ಲ, ಸಾಗಾಣಿಕೆಯದು. ಅದು ದ್ವೀಪರಾಷ್ಟ್ರ. ಗೋಧಿ, ಎಣ್ಣೆ, ಉಕ್ಕು, ಹತ್ತಿ ಎಲ್ಲವೂ ಹಡಗಿನಲ್ಲಿಯೇ ಬರಬೇಕು. ಜರ್ಮನಿಯ ಜಲಾಂತರ್ಗಾಮಿಗಳು ಆ ಹಡಗುಗಳನ್ನೇ ಗುರಿ ಇಟ್ಟು ಮುಳುಗಿಸತೊಡಗಿದವು. ಮುಳುಗುವ ವೇಗಕ್ಕಿಂತ ಕಟ್ಟುವ ವೇಗ ಹೆಚ್ಚಾದರೆ ಮಾತ್ರ ಉಳಿವು ಎಂಬ ಪರಿಸ್ಥಿತಿ. 1940ರಲ್ಲಿ ಬ್ರಿಟಿಷ್ ನಿಯೋಗವೊಂದು ಸರಳವಾದ ಸರಕು ಹಡಗಿನ ನಕ್ಷೆ ಹಿಡಿದು ಅಮೆರಿಕ, ಕೆನಡಾಗಳಿಗೆ ಹೋಯಿತು. ಅಮೆರಿಕದಲ್ಲಿ ಅದರಿಂದ ಹುಟ್ಟಿದವು ಹೆಸರಾದ ಲಿಬರ್ಟಿ ಹಡಗುಗಳು. ಕೆನಡಾದಲ್ಲಿ ಹುಟ್ಟಿದವು ಫೋರ್ಟ್ ಹಡಗುಗಳು. ಫೋರ್ಟ್ ಎಂದರೆ ಕೋಟೆ. ಕೆನಡಾ ಸೀಮೆಯ ಹಳೆಯ ಕೋಟೆಗಳ, ತುಪ್ಪಳದ ವ್ಯಾಪಾರಠಾಣೆಗಳ ಹೆಸರನ್ನು ಅವಕ್ಕೆ ಇಟ್ಟರು. ಒಂದೇ ಅಚ್ಚಿನ ಇಂಥ ಸುಮಾರು 200 ಹಡಗುಗಳು ಯುದ್ಧಕಾಲದಲ್ಲಿ ನೀರಿಗಿಳಿದವು.

ಫೋರ್ಟ್ ಸ್ಟಿಕಿನ್ ಕಟ್ಟಿದ್ದು ಕೆನಡಾದ ಪಶ್ಚಿಮ ಕರಾವಳಿಯ ಪ್ರಿನ್ಸ್ ರೂಪರ್ಟ್ ಎಂಬ ಊರಿನಲ್ಲಿ, 1942ರಲ್ಲಿ. ಒಟ್ಟು ಗಾತ್ರ 7,142 ಟನ್. ಉಗಿ ಎಂಜಿನ್. ವೇಗ ತಾಸಿಗೆ ಇಪ್ಪತ್ತು ಕಿಲೋಮೀಟರಿನಷ್ಟು, ಎಂದರೆ ಸೈಕಲ್ ಸವಾರನ ವೇಗ. ಹಣ ಹಾಕಿದ್ದು ಅಮೆರಿಕ ಸರ್ಕಾರ, ಬಳಸಿದ್ದು ಬ್ರಿಟಿಷ್ ಯುದ್ಧ ಸಾರಿಗೆ ಮಂತ್ರಾಲಯ, ನಡೆಸಿದ್ದು ಪೋರ್ಟ್ ಲೈನ್ ಎಂಬ ಖಾಸಗಿ ಕಂಪನಿ. ಕಟ್ಟಿದವರು ಒಬ್ಬರು, ಒಡೆಯರು ಒಬ್ಬರು, ನಡೆಸುವವರು ಇನ್ನೊಬ್ಬರು. ಈ ಸಂಗತಿಯನ್ನು ನೆನಪಿನಲ್ಲಿಡಬೇಕು. ಮುಂದಿನ ಕಥೆಯಲ್ಲಿ ಅದಕ್ಕೆ ಅರ್ಥವಿದೆ.

ಇಂಥ ಹಡಗಿನ ಸಿಬ್ಬಂದಿ ಸೈನಿಕರಲ್ಲ. ಕಪ್ತಾನ, ಅವನ ಕೈಕೆಳಗಿನ ಅಧಿಕಾರಿಗಳು, ಎಂಜಿನಿಯರುಗಳು, ತಂತಿರಹಿತ ಸಂದೇಶದವರು, ಎಂಜಿನ್ ಕೋಣೆಯ ಕೆಲಸಗಾರರು, ಖಲಾಸಿಗಳು, ಅಡಿಗೆಯವರು. ಸಂಬಳಕ್ಕೆ ದುಡಿಯುವ ನಾಗರಿಕರು. ಯುದ್ಧವೆಂದು ಒಂದೆರಡು ತೋಪು, ಅದನ್ನು ಹಾರಿಸುವ ಕೆಲವರು ಇರುತ್ತಿದ್ದರು, ಅಷ್ಟೆ. ಆದರೆ ಅಪಾಯ ಸೈನಿಕನಿಗಿಂತ ಕಡಿಮೆಯದಲ್ಲ. ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿ ದುಡಿದವರಲ್ಲಿ ಭಾರತದ ನಾವಿಕರ ಪಾಲೂ ದೊಡ್ಡದು. ಅವರನ್ನು ಲಸ್ಕರರೆಂದು ಕರೆಯುತ್ತಿದ್ದರು. ಆ ಯುದ್ಧದಲ್ಲಿ 6 ಸಾವಿರಕ್ಕೂ ಹೆಚ್ಚು ಲಸ್ಕರರು ಪ್ರಾಣ ಬಿಟ್ಟರು. ಅವರಿಗೆ ಬಿಲ್ಲೆ ಸಿಕ್ಕಿದ್ದು ಅಪರೂಪ, ಹಾಡು ಹುಟ್ಟಿದ್ದು ಇನ್ನೂ ಅಪರೂಪ.

ಫೋರ್ಟ್ ಸ್ಟಿಕಿನ್ ಹಡಗಿನ ಕಪ್ತಾನ ಅಲೆಕ್ಸಾಂಡರ್ ನೇಸ್ಮಿತ್. ಮುಖ್ಯ ಅಧಿಕಾರಿ ವಿಲಿಯಂ ಹೆಂಡರ್ಸನ್. ಮುಖ್ಯ ಎಂಜಿನಿಯರ್ ಅಲೆಕ್ಸ್ ಗೌ. 1944ರ ಫೆಬ್ರುವರಿ 24ರಂದು ಇಂಗ್ಲೆಂಡಿನ ಬರ್ಕನ್‌ಹೆಡ್ ಬಂದರಿನಿಂದ ಅವರು ಹೊರಟಾಗ ಹಡಗಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಅದು ಅದರ ಕೊನೆಯ ಪಯಣ.

ಹೊಟ್ಟೆಯೊಳಗೇನಿತ್ತು?

ಬರ್ಕನ್‌ಹೆಡ್‌ನಲ್ಲಿ ತುಂಬಿದ ಸರಕಿನಲ್ಲಿ ಮುಖ್ಯವಾದದ್ದು ಯುದ್ಧಸಾಮಗ್ರಿ. ಸುಮಾರು 1,400 ಟನ್ ಸ್ಫೋಟಕಗಳು: ತೋಪಿನ ಗುಂಡು, ಟಾರ್ಪೆಡೊ, ಮೈನು, ಇತರ ಮದ್ದು. ಅದರಲ್ಲಿ 238 ಟನ್ ಅತಿ ಸೂಕ್ಷ್ಮ ವರ್ಗದ್ದು. ಅದರೊಂದಿಗೆ ಪೆಟ್ಟಿಗೆಗಳಲ್ಲಿ ಬಿಚ್ಚಿಟ್ಟ ಸ್ಪಿಟ್‌ಫೈರ್ ಯುದ್ಧವಿಮಾನಗಳು. ಇದೆಲ್ಲದರ ನಡುವೆ ಉಕ್ಕಿನ ಗೂಡಿನೊಳಗೆ ಮುಚ್ಚಿ ಬೆಸುಗೆ ಹಾಕಿದ 31 ಪೆಟ್ಟಿಗೆ ಚಿನ್ನ. ಒಂದು ಪೆಟ್ಟಿಗೆಗೆ ನಾಲ್ಕು ಗಟ್ಟಿ, ಒಂದೊಂದು ಗಟ್ಟಿ ಹನ್ನೆರಡೂವರೆ ಕಿಲೋಗಿಂತ ತುಸು ಹೆಚ್ಚು. ಒಟ್ಟು ಒಂದೂವರೆ ಟನ್ನಿನ ಮೇಲೆ. ಅಂದಿನ ಬೆಲೆ ಸುಮಾರು 9 ಲಕ್ಷ ಪೌಂಡು. ಯುದ್ಧದ ಹಣದುಬ್ಬರದಲ್ಲಿ ಕುಸಿಯುತ್ತಿದ್ದ ರೂಪಾಯಿಗೆ ಆಸರೆಯಾಗಲೆಂದು ಕಳಿಸಿದ ಚಿನ್ನವದು.

ಜಿಬ್ರಾಲ್ಟರ್ ದಾಟಿ, ಸುಯೆಜ್ ಕಾಲುವೆ ಹಾಯ್ದು, ಹಡಗು ಮಾರ್ಚ್ ಕೊನೆಗೆ ಕರಾಚಿ ಸೇರಿತು. ವಿಮಾನಗಳನ್ನು ಅಲ್ಲಿ ಇಳಿಸಿದರು. ಜಾಗ ಖಾಲಿಯಾಯಿತು. ಯುದ್ಧಕಾಲದಲ್ಲಿ ಹಡಗಿನೊಳಗೆ ಒಂದು ಮೊಳ ಜಾಗ ಖಾಲಿ ಬಿಡುವುದೂ ಅಪರಾಧವೆಂಬ ಭಾವನೆ. ಮುಂಬಯಿಗೆ ಹೋಗಬೇಕಾದ ಸರಕು ಧಕ್ಕೆಯಲ್ಲಿ ಬಿದ್ದಿತ್ತು. ಅದನ್ನೆಲ್ಲ ತುಂಬಿದರು. 8,700 ಹತ್ತಿ ಅಂಡಿಗೆ. ಯಂತ್ರಗಳಿಗೆ ಹಾಕುವ ಎಣ್ಣೆಯ ಪೀಪಾಯಿಗಳು. ಕಟ್ಟಿಗೆ, ಗುಜರಿ ಕಬ್ಬಿಣ, ಗಂಧಕ, ರಾಳ, ಅಕ್ಕಿ, ಮೀನಿನ ಗೊಬ್ಬರ.

ಹತ್ತಿ, ಎಣ್ಣೆ, ಕಟ್ಟಿಗೆ, ಗಂಧಕ, ರಾಳ, ಮದ್ದು. ದೀಪಾವಳಿಗೆ ಪಟಾಕಿ ಮಾರುವ ಅಂಗಡಿಕಾರನೂ ಈ ಪಟ್ಟಿಯನ್ನು ಒಂದೇ ಕಪಾಟಿನಲ್ಲಿ ಇಡಲಾರ. ಕಪ್ತಾನ ನೇಸ್ಮಿತ್‌ಗೂ ಅದು ಗೊತ್ತಿತ್ತು. ಆತ ಆಕ್ಷೇಪಿಸಿದ. ಆದರೆ ಯುದ್ಧದ ಅವಸರದ ಮುಂದೆ ಆಕ್ಷೇಪಕ್ಕೆ ಬೆಲೆ ಇರಲಿಲ್ಲ. ಹಡಗಿನ ಎರಡನೆಯ ಸರಕುಕೋಣೆಯ ತಳದಲ್ಲಿ ಹತ್ತಿ ಬಂದು ಕುಳಿತಿತು. ಅದೇ ಕೋಣೆಯ ಮೇಲಿನ ಅಂತಸ್ತಿನಲ್ಲಿ ಮದ್ದು ಇತ್ತು. ನಡುವೆ ಇದ್ದದ್ದು ಒಂದು ಅಟ್ಟ ಮಾತ್ರ.

ಏಪ್ರಿಲ್ 9ರಂದು ಕರಾಚಿ ಬಿಟ್ಟ ಹಡಗು 12ರಂದು ಮುಂಬಯಿ ಸೇರಿ ವಿಕ್ಟೋರಿಯಾ ಡಾಕ್‌ನ ಒಂದನೆಯ ನಂಬರಿನ ಕಟ್ಟೆಗೆ ಕಟ್ಟಿಕೊಂಡಿತು.

ಗೋದಿಯೊಳಗೆ ಎರಡು ದಿನ

ಮುಂಬಯಿಯ ಕೂಲಿಕಾರರು ಡಾಕ್‌ಗೆ ಗೋದಿ ಎನ್ನುತ್ತಾರೆ. ಇದು ಮರಾಠಿಯ ಮಾತು, ನಮ್ಮ ಕಾಳಿನ ಗೋದಿಗೂ ಅದಕ್ಕೂ ಸಂಬಂಧವಿಲ್ಲ. ಗೋದಿ ಎಂದರೆ ಸುತ್ತಲೂ ಕಲ್ಲಿನ ಕಟ್ಟೆ ಕಟ್ಟಿ, ಸಮುದ್ರದ ಕಡೆ ಬಾಗಿಲಿಟ್ಟ ನೀರಿನ ದೊಡ್ಡ ಹೊಂಡ. ಹಡಗುಗಳು ಒಳಗೆ ಬಂದು ಸಾಲಾಗಿ ನಿಲ್ಲುತ್ತವೆ. ಕಟ್ಟೆಯ ಮೇಲೆ ಉದ್ದುದ್ದ ಗೋದಾಮು. ಗೋದಾಮಿನ ಆಚೆ ರೈಲು ಹಳಿ, ಅದರಾಚೆ ಮಸ್ಜಿದ್ ಬಂದರ್, ಮಾಂಡವಿಯ ಕಿಕ್ಕಿರಿದ ಪೇಟೆ, ಧಾನ್ಯದ ಅಡತಿಗಳು, ಕೂಲಿಯವರ ಚಾಳುಗಳು.

ಶಾಂತಿಕಾಲದಲ್ಲಿ ಮದ್ದು ತುಂಬಿದ ಹಡಗನ್ನು ಗೋದಿಯೊಳಗೆ ಬಿಡುತ್ತಿರಲಿಲ್ಲ. ಅದು ಹೊರಗೆ ನೀರಿನಲ್ಲಿ ಲಂಗರು ಹಾಕಿ ನಿಲ್ಲಬೇಕು. ಚಿಕ್ಕ ದೋಣಿಗಳು ಹೋಗಿ ಮದ್ದು ಇಳಿಸಿಕೊಂಡು ಬರಬೇಕು. ಯುದ್ಧ ಬಂದ ಮೇಲೆ ಬರುವ ಹಡಗುಗಳಲ್ಲಿ ಮದ್ದು ಇಲ್ಲದವೇ ಕಡಿಮೆಯಾದವು. ನಿಯಮ ಸಡಿಲವಾಯಿತು. ಸ್ಫೋಟಕ ಇದೆಯೆಂದು ಸಾರುವ ಕೆಂಪು ಬಾವುಟವನ್ನೂ ಫೋರ್ಟ್ ಸ್ಟಿಕಿನ್ ಏರಿಸಿರಲಿಲ್ಲ. ಹಾಗಾಗಿ ಪಕ್ಕದ ಹಡಗಿನವರಿಗೆ, ಕಟ್ಟೆಯ ಮೇಲಿನ ಹಮಾಲರಿಗೆ ತಮ್ಮ ಎದುರಿಗೆ ನಿಂತದ್ದು ಏನೆಂಬುದು ತಿಳಿಯುವ ಬಗೆ ಇರಲಿಲ್ಲ.

ಇನ್ನೊಂದು ವಿಚಿತ್ರವೆಂದರೆ, ಮೊದಲು ಇಳಿಯಬೇಕಾದ ಮದ್ದು ಮೊದಲು ಇಳಿಯಲಿಲ್ಲ. ಅದನ್ನು ಒಯ್ಯುವ ದೋಣಿಗಳು ಕೂಡಲೆ ಬರಲಿಲ್ಲ. ನಾರುತ್ತಿದ್ದ ಮೀನಿನ ಗೊಬ್ಬರಕ್ಕೆ ಮಾತ್ರ ಮೊದಲ ಸರದಿ ಸಿಕ್ಕಿತು. ಎರಡು ದಿನ ಕಳೆಯಿತು. ಇದೇ ಬಿಡುವಿನಲ್ಲಿ ಎಂಜಿನಿಯರುಗಳು ಹಡಗಿನ ಯಂತ್ರ ಬಿಚ್ಚಿ ರಿಪೇರಿಗೆ ತೊಡಗಿದ್ದರು. ಬಂದರಿಗೆ ಬಂದ ಹಡಗಿನಲ್ಲಿ ಇದು ನಿತ್ಯದ ಕೆಲಸ. ಆದರೆ ಅದರ ಅರ್ಥ, ಫೋರ್ಟ್ ಸ್ಟಿಕಿನ್ ಈಗ ತನ್ನ ಬಲದ ಮೇಲೆ ಅಲುಗಾಡಲಾರದು.

ಎರಡು ತಾಸು

ಏಪ್ರಿಲ್ 14ರ ಮಧ್ಯಾಹ್ನ ಹಮಾಲರು ಊಟಕ್ಕೆ ಹೋಗಿದ್ದರು. ಆ ಹೊತ್ತಿಗೆ ಎರಡನೆಯ ಕೋಣೆಯ ಗಾಳಿಕೊಳವೆಯಿಂದ ತೆಳ್ಳಗೆ ಹೊಗೆ ಬರುವುದನ್ನು ಅಕ್ಕಪಕ್ಕದ ಹಡಗಿನವರು ಕಂಡಿದ್ದರು. ಆ ಹಡಗಿನವರೇ ನೋಡಿಕೊಂಡಾರೆಂದು ಸುಮ್ಮನಾದರು. ಊಟ ಮುಗಿಸಿ ಕೋಣೆಗೆ ಇಳಿಯಲು ಬಂದ ಹಮಾಲರು ಹೊಗೆ ಕಂಡು ಕೂಗಿದರು. ಆಗ ಸುಮಾರು ಎರಡು ಗಂಟೆ.

ಜಿನ್ನಿಂಗ್ ಗಿರಣಿಯಲ್ಲಿ ದುಡಿದವರಿಗೆ ಹತ್ತಿಯ ಬೆಂಕಿ ಎಂಥದೆಂದು ಗೊತ್ತು. ಬಿಡಿ ಅರಳೆ ಭಗ್ಗನೆ ಹೊತ್ತಿ ಮುಗಿಯುತ್ತದೆ. ಪ್ರೆಸ್ ಮಾಡಿ ಕಬ್ಬಿಣದ ಪಟ್ಟಿ ಬಿಗಿದ ಅಂಡಿಗೆ ಹಾಗಲ್ಲ. ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯಿಂದಲೇ ಕೆಂಡ ಒಳಗೊಳಗೆ ತೆವಳುತ್ತದೆ. ಮೇಲೆ ನೀರು ಸುರಿದರೆ ಹೊರಮೈ ತೊಯ್ದು ಒಳಕೆಂಡ ಹಾಗೇ ಉಳಿಯುತ್ತದೆ. ಆರಿತು ಎಂದುಕೊಂಡ ಅಂಡಿಗೆ ಎರಡು ದಿನದ ಮೇಲೆ ಹೊಗೆ ಬಿಡುವುದುಂಟು. ಅದನ್ನು ಹೊರಗೆಳೆದು ಬಿಚ್ಚಿ ಆರಿಸದೆ ಬೇರೆ ದಾರಿಯಿಲ್ಲ. ಹಡಗಿನ ತಳದಲ್ಲಿ, ಹೊಗೆ ತುಂಬಿದ ಕತ್ತಲೆಯಲ್ಲಿ, ಸಾವಿರಾರು ಅಂಡಿಗೆಗಳ ನಡುವೆ ಅದು ಆಗುವ ಮಾತಲ್ಲ.

ಬಂದ ಸುದ್ದಿ ಬರಿ ಬೆಂಕಿ ಎಂದಷ್ಟೇ ಆದ್ದರಿಂದ ಅಗ್ನಿಶಾಮಕ ದಳದಿಂದ ಮೊದಲು ಬಂದದ್ದು ಎರಡೇ ವಾಹನ. ಸ್ಫೋಟಕ ಇದೆಯೆಂದು ತಿಳಿದ ಮೇಲೆ ಇನ್ನಷ್ಟು ಬಂದವು. ದಳದ ಮುಖ್ಯಸ್ಥ ನಾರ್ಮನ್ ಕೂಂಬ್ಸ್ ತಾನೇ ಬಂದು ನಿಂತ. ಕೊಳವೆಯ ಮೇಲೆ ಕೊಳವೆ ಬಿಟ್ಟು ನೀರು ಸುರಿದರು. 900 ಟನ್ನಿಗೂ ಹೆಚ್ಚು ನೀರು ಕೋಣೆಯೊಳಗೆ ಹೋಯಿತು. ಆದರೆ ಬೆಂಕಿಯ ಮೂಲ ಎಲ್ಲಿದೆಯೆಂಬುದೇ ಹೊಗೆಯಲ್ಲಿ ಕಾಣಲಿಲ್ಲ. ನೀರು ಏರಿತು. ನೀರಿನ ಜೊತೆಗೆ ಉರಿಯುವ ಅಂಡಿಗೆಗಳೂ ತೇಲಿ ಮೇಲೆದ್ದವು. ಮೇಲೆ ಇದ್ದದ್ದು ಮದ್ದು. ಬೆಂಕಿ ಆರಿಸಲೆಂದು ಸುರಿದ ನೀರೇ ಬೆಂಕಿಯನ್ನು ಮದ್ದಿನ ಬಳಿಗೆ ಎತ್ತಿ ಒಯ್ಯಿತು.

ಈ ಹೊತ್ತಿನಲ್ಲಿ ಕಟ್ಟೆಯ ಮೇಲೆ ಬೇರೆ ಬೇರೆ ಅಧಿಕಾರಿಗಳು ಸೇರಿದ್ದರು. ಸೈನ್ಯದ ಸ್ಫೋಟಕ ತಜ್ಞ ಕ್ಯಾಪ್ಟನ್ ಓಬರ್ಸ್ಟ್ ಸರಕಿನ ಪಟ್ಟಿ ನೋಡಿದವನೇ, ಇದು ಸಿಡಿದರೆ ಇಡೀ ಗೋದಿ ಉಳಿಯದು, ಹಡಗನ್ನು ಇಲ್ಲಿಯೇ ಮುಳುಗಿಸಿ ಎಂದ. ಆದರೆ ಗೋದಿಯ ನೀರಿನ ಆಳ ಹಡಗಿನ ತಳಕ್ಕಿಂತ ಸ್ವಲ್ಪವೇ ಹೆಚ್ಚು. ಮುಳುಗಿಸಿದರೂ ತಳ ನೆಲಕ್ಕೆ ಕೂರುತ್ತದೆ, ಮದ್ದು ನೀರಿನ ಮೇಲೆಯೇ ಉಳಿಯುತ್ತದೆ ಎಂಬ ಉತ್ತರ ಬಂತು. ಡಾಕ್‌ನ ಆಡಳಿತಗಾರ ಕರ್ನಲ್ ಸ್ಯಾಡ್ಲರ್, ಹಡಗನ್ನು ಎಳೆದು ಸಮುದ್ರಕ್ಕೆ ಒಯ್ಯಿರಿ ಎಂದ. ಒಯ್ಯಬೇಕೆಂದರೆ ಯಂತ್ರ ಬಿಚ್ಚಿಟ್ಟಿದೆ, ಎಳೆಯುವ ಹಡಗು ಬೇಕು. ಕಟ್ಟೆ ಬಿಟ್ಟರೆ ದಡದ ಮೇಲಿನ ಕೊಳವೆಗಳ ನೀರು ನಿಲ್ಲುತ್ತದೆ. ಇಲ್ಲಿಯೇ ನಿಲ್ಲಿಸಿ ಆರಿಸುತ್ತೇವೆ ಎಂಬುದು ಅಗ್ನಿಶಾಮಕರ ಮಾತು. ಒಬ್ಬೊಬ್ಬರ ಮಾತಿನಲ್ಲಿಯೂ ಅರ್ಥವಿತ್ತು. ಆದರೆ ಮೂರೂ ಒಟ್ಟಿಗೆ ಆಗುವಂಥವಲ್ಲ.

ಹಡಗು ಮಂತ್ರಾಲಯದ್ದು, ಗೋದಿ ಪೋರ್ಟ್ ಟ್ರಸ್ಟಿನದು, ಮದ್ದು ಸೈನ್ಯದ್ದು, ಬೆಂಕಿ ಅಗ್ನಿಶಾಮಕ ದಳದ್ದು. ಎಲ್ಲರ ಮೇಲೆ ನಿಂತು ಹೀಗೆ ಮಾಡಿ ಎಂದು ಹೇಳಬಲ್ಲ ಒಬ್ಬ ಮನುಷ್ಯ ಆ ಕಟ್ಟೆಯ ಮೇಲೆ ಇರಲಿಲ್ಲ. ಕಪ್ತಾನ ನೇಸ್ಮಿತ್ ಒಬ್ಬರ ಮುಖ ಬಿಟ್ಟು ಇನ್ನೊಬ್ಬರ ಮುಖ ನೋಡಿದ. ತನ್ನ ಹಡಗನ್ನು ತಾನೇ ಮುಳುಗಿಸುವ ಆಜ್ಞೆ ಯಾರಿಂದಲೂ ಖಚಿತವಾಗಿ ಬರಲಿಲ್ಲ. ಹೀಗೆ ತರ್ಕದಲ್ಲಿ ಕಳೆದದ್ದು ಹೆಚ್ಚು ಕಡಿಮೆ ಎರಡು ತಾಸು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂಬ ಗಾದೆ ಇದೆ. ಇಲ್ಲಿ ಬಾವಿ ಎಲ್ಲಿ ತೋಡಬೇಕೆಂಬ ಚರ್ಚೆಯೇ ಮುಗಿದಿರಲಿಲ್ಲ.

ಹಡಗಿನ ಹೊರಮೈಯಲ್ಲಿ ಒಂದು ಕಡೆ ಬಣ್ಣ ಗುಳ್ಳೆ ಏಳತೊಡಗಿತು. ಬೆಂಕಿ ಎಲ್ಲಿದೆಯೆಂದು ಆಗ ತಿಳಿಯಿತು. ಅಲ್ಲಿ ಉಕ್ಕಿನ ತಗಡು ಕೊಯ್ದು ನೀರು ಬಿಡಬೇಕೆಂದು ನೋಡಿದರು, ಕೊಯ್ಯುವ ಸಲಕರಣೆ ಕೆಲಸ ಮಾಡಲಿಲ್ಲ. 3 ಗಂಟೆ 50 ನಿಮಿಷಕ್ಕೆ ಜ್ವಾಲೆ ಮೇಲೆದ್ದಿತು. ಹಡಗು ಬಿಡಿರೆಂದು ಕಪ್ತಾನ ಆಜ್ಞೆ ಕೊಟ್ಟ. ಸಿಬ್ಬಂದಿ ಇಳಿದು ಓಡಿದರು. ಅಗ್ನಿಶಾಮಕರಲ್ಲಿ ಹಲವರು ಕೊಳವೆ ಬಿಡಲಿಲ್ಲ. ಕಪ್ತಾನ ನೇಸ್ಮಿತ್, ಮುಖ್ಯ ಅಧಿಕಾರಿ ಹೆಂಡರ್ಸನ್ ಇಬ್ಬರೂ ಹಡಗಿನಲ್ಲಿ ಯಾರೂ ಉಳಿದಿಲ್ಲವೆಂದು ನೋಡಿಕೊಂಡು ಕಡೆಗೆ ಇಳಿದರು. ಅವರು ಬಹಳ ದೂರ ಹೋಗಲಾಗಲಿಲ್ಲ.

ಬೆಂಕಿಯ ಮಳೆ

4 ಗಂಟೆ 6 ನಿಮಿಷಕ್ಕೆ ಎರಡನೆಯ ಕೋಣೆಯ ಮದ್ದು ಸಿಡಿಯಿತು. ಹಡಗು ಎರಡು ಹೋಳಾಯಿತು. ಹನ್ನೆರಡು ಕಿಲೋಮೀಟರ್ ದೂರದ ಮನೆಗಳ ಗಾಜು ಒಡೆದವು. ಸದ್ದು ಎಂಬತ್ತು ಕಿಲೋಮೀಟರಿನಾಚೆ ಕೇಳಿತು. ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ಸಿಮ್ಲಾದಲ್ಲಿ ಭೂಕಂಪ ಅಳೆಯುವ ಯಂತ್ರ ನಡುಗಿತು. ಹತ್ತಿರ ನಿಂತಿದ್ದ ಅಗ್ನಿಶಾಮಕರ ಗುರುತೂ ಸಿಗಲಿಲ್ಲ.

ಆಕಾಶಕ್ಕೆ ಹಾರಿದ ಸಾವಿರಾರು ಅಂಡಿಗೆಗಳು ಉರಿಯುತ್ತಲೇ ಊರ ಮೇಲೆ ಬಿದ್ದವು. ಗೋದಾಮು, ಚಾಳು, ಗುಡಿಸಲು, ಧಾನ್ಯದ ಅಡತಿ, ಮರದ ದೋಣಿಗಳು ಎಲ್ಲಕ್ಕೂ ಕಿಚ್ಚು ತಗುಲಿತು. ಮದ್ದು ಗೋದಿಯನ್ನು ಒಡೆಯಿತು, ಹತ್ತಿ ಪಟ್ಟಣವನ್ನು ಸುಟ್ಟಿತು ಎಂದರೆ ತಪ್ಪಾಗದು. ಬದುಕಿ ಉಳಿದವರು ಗಾಯಾಳುಗಳನ್ನು ಎತ್ತಲೆಂದು ಮುಂದೆ ಧಾವಿಸಿದರು. ಅರ್ಧ ತಾಸಿನೊಳಗೆ, 4 ಗಂಟೆ 34 ನಿಮಿಷಕ್ಕೆ, ನಾಲ್ಕನೆಯ ಕೋಣೆಯ ಮದ್ದು ಸಿಡಿಯಿತು. ಇದು ಮೊದಲಿನದಕ್ಕಿಂತ ದೊಡ್ಡದು. ಸಹಾಯಕ್ಕೆ ಬಂದವರೂ ಹೋದರು.

ಚಿನ್ನದ ಗಟ್ಟಿಗಳೂ ಹಾರಿದವು. ಒಂದು ಗಟ್ಟಿ ಸುಮಾರು ಒಂದು ಮೈಲಿ ದೂರದಲ್ಲಿ ಪಾರಸಿ ಗೃಹಸ್ಥರೊಬ್ಬರ ಮನೆಯ ಮಾಳಿಗೆ ಒಡೆದು ಒಳಗೆ ಬಿತ್ತು. ಅವರು ಅದನ್ನು ಸರ್ಕಾರಕ್ಕೆ ಒಪ್ಪಿಸಿದರು. ಗೋದಿಯ ಕೆಸರಿನಲ್ಲಿ ಹೂತ ಗಟ್ಟಿಗಳು ಮುಂದೆ ಹಲವು ದಶಕ ಸಿಗುತ್ತಲೇ ಇದ್ದವು. 2011ರಲ್ಲಿ ಕೂಡ ಹೂಳೆತ್ತುವಾಗ ಚಿನ್ನ ಸಿಕ್ಕಿತು. ಈ ಘಟನೆಯ ಮಾತು ಬಂದಾಗಲೆಲ್ಲ ಜನ ಚಿನ್ನದ ಕಥೆಯನ್ನೇ ಹೆಚ್ಚು ಹೇಳುತ್ತಾರೆ. ಚಿನ್ನಕ್ಕೆ ಲೆಕ್ಕವಿತ್ತು, ಗಟ್ಟಿಗೆ ನಂಬರು ಇತ್ತು. ಸತ್ತವರ ಲೆಕ್ಕ ಹಾಗಿರಲಿಲ್ಲ.

ಸಿಗದ ಲೆಕ್ಕ, ಬಾರದ ಸುದ್ದಿ

ಅಧಿಕೃತವಾಗಿ ಸತ್ತವರ ಸಂಖ್ಯೆ 740. ಸಾವಿರದ ಮೇಲೆ ಹೋಗಿರಬೇಕೆಂಬುದು ಇತರ ಅಂದಾಜು. ಗಾಯಗೊಂಡವರು 1,800. ಮನೆ ಕಳೆದುಕೊಂಡವರು 80 ಸಾವಿರ. ಎರಡು ಗೋದಿಗಳಲ್ಲಿ 27 ಹಡಗುಗಳು ಮುಳುಗಿದವು ಇಲ್ಲವೆ ಹಾನಿಗೊಂಡವು. ನಾಶವಾದ ಧಾನ್ಯ 55 ಸಾವಿರ ಟನ್ನಿಗೂ ಹೆಚ್ಚೆಂದು ಹೇಳುತ್ತಾರೆ. ಬಂಗಾಳದಲ್ಲಿ ಲಕ್ಷಾಂತರ ಜನ ಅನ್ನವಿಲ್ಲದೆ ಸತ್ತ 1943ರ ಮರುವರ್ಷವೇ ಇದು ನಡೆಯಿತೆಂಬುದನ್ನು ನೆನೆದರೆ ಆ ಅಂಕಿಯ ಭಾರ ತಿಳಿಯುತ್ತದೆ.

ಸತ್ತವರ ಲೆಕ್ಕ ಏಕೆ ಸಿಗಲಿಲ್ಲ? ಸೈನಿಕನಿಗೆ ನಂಬರು ಇರುತ್ತದೆ, ಹಡಗಿನವನಿಗೆ ಹಾಜರಿ ಪುಸ್ತಕ ಇರುತ್ತದೆ. ದಿನಗೂಲಿ ಹಮಾಲನಿಗೆ ಏನಿತ್ತು? ಹಳ್ಳಿಯಿಂದ ಬಂದು ಗೋದಿಯ ಬಾಗಿಲಲ್ಲಿ ನಿಂತು, ಮುಕಾದಮ ಕೈ ಮಾಡಿದರೆ ಒಳಗೆ ಹೋಗಿ, ಸಂಜೆ ಕೂಲಿ ಎಣಿಸಿಕೊಳ್ಳುವ ಮನುಷ್ಯ ಆ ಸಂಜೆ ಚಾಳಿಗೆ ಮರಳದಿದ್ದರೆ, ಅವನನ್ನು ಹುಡುಕುವ ಪುಸ್ತಕ ಯಾವುದೂ ಇಲ್ಲ. ಊರಲ್ಲಿ ಮನಿಯಾರ್ಡರಿನ ದಾರಿ ನೋಡುವವರಿಗೆ ತಿಂಗಳು ಕಳೆದ ಮೇಲೆ ಅನುಮಾನ, ವರ್ಷ ಕಳೆದ ಮೇಲೆ ಖಾತ್ರಿ.

ಅವರಿಗೆ ಪತ್ರಿಕೆಯ ನೆರವೂ ಸಿಗಲಿಲ್ಲ. ಯುದ್ಧಕಾಲದ ಸೆನ್ಸಾರ್ ಸುದ್ದಿಯನ್ನು ಬಿಗಿಹಿಡಿಯಿತು. ವಿವರವನ್ನು ಮೊದಲು ಜಗತ್ತಿಗೆ ಸಾರಿದ್ದು ಶತ್ರುಪಕ್ಷದ ಕೈಯಲ್ಲಿದ್ದ ಸೈಗಾನ್ ರೇಡಿಯೊ, ಘಟನೆಯ ಮರುದಿನವೇ. ನಡೆದದ್ದನ್ನು ಬರೆಯಲು ಇಲ್ಲಿಯ ಪತ್ರಿಕೆಗಳಿಗೆ ಅಪ್ಪಣೆ ಸಿಕ್ಕಿದ್ದು ಮೇ ತಿಂಗಳ ಎರಡನೆಯ ವಾರದಲ್ಲಿ. ಜಪಾನೀಯರು ಬಾಂಬು ಹಾಕಿದರೆಂಬ ಗಾಳಿಮಾತು ಹಬ್ಬಿದ್ದರಲ್ಲಿ ಆಶ್ಚರ್ಯವಿಲ್ಲ. ಶತ್ರುವಿನಿಂದ ಮುಚ್ಚಿಡಬೇಕೆಂದು ಮಾಡಿದ್ದು ಕಡೆಗೆ ಸ್ವಂತ ಜನರಿಂದ ಮುಚ್ಚಿಟ್ಟಂತಾಯಿತು.

ಬೆಂಕಿಯನ್ನು ಹತೋಟಿಗೆ ತರಲು ಮೂರು ದಿನ ಹಿಡಿಯಿತು. ಐದು ಲಕ್ಷ ಟನ್ ಅವಶೇಷ ತೆಗೆದು ಗೋದಿಯನ್ನು ಮತ್ತೆ ಕೆಲಸಕ್ಕೆ ತರಲು 8 ಸಾವಿರ ಜನ ಏಳು ತಿಂಗಳು ದುಡಿದರು. ಅವಶೇಷ ಹೊತ್ತವರೂ ಕೂಲಿಕಾರರೇ.

ಸೊಲ್ಲಾಪುರದವರ ಜಲಪದ್ಮ

ಆ ದಿನ ಫೋರ್ಟ್ ಸ್ಟಿಕಿನ್ ಇದ್ದ ಗೋದಿಯಲ್ಲಿಯೇ ಜಲಪದ್ಮ ಎಂಬ ಹಡಗು ನಿಂತಿತ್ತು. ಸುಮಾರು 4 ಸಾವಿರ ಟನ್ನಿನದು. ಸ್ಫೋಟದ ಹೊಡೆತಕ್ಕೆ ನೀರಿನಿಂದ ಎತ್ತಿ ಕಟ್ಟೆಯ ಮೇಲೆ ಎಸೆದಂತಾಗಿ ನಾಶವಾಯಿತು. ಅದು ಸಿಂಧಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯ ಹಡಗು. ಆ ಕಂಪನಿಯನ್ನು 1919ರಲ್ಲಿ ಕಟ್ಟಿದವರಲ್ಲಿ ಪ್ರಮುಖರು ವಾಲಚಂದ್ ಹೀರಾಚಂದ್. 1882ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದವರು.

ಸಮುದ್ರ ಕಾಣದ ಊರಿನಲ್ಲಿ ಹುಟ್ಟಿ ಹಡಗು ಕಟ್ಟಿದ ಮನುಷ್ಯನ ಸಾಹಸ ಚಿಕ್ಕದಲ್ಲ. ಭಾರತದ ಸರಕು ಭಾರತೀಯರ ಹಡಗಿನಲ್ಲಿ ಹೋಗಬೇಕೆಂಬುದು ಅವರ ಹಟ. 1919ರ ಏಪ್ರಿಲ್ 5ರಂದು ಸಿಂಧಿಯಾ ಕಂಪನಿಯ ಲಾಯಲ್ಟಿ ಎಂಬ ಹಡಗು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಆ ನೆನಪಿಗೆ ಏಪ್ರಿಲ್ 5ನ್ನು 1964ರಿಂದ ರಾಷ್ಟ್ರೀಯ ನೌಕಾಯಾನ ದಿನವೆಂದು ಆಚರಿಸುತ್ತಾರೆ. ಬ್ರಿಟಿಷ್ ಕಂಪನಿಗಳು ದರ ಇಳಿಸಿ, ದಾರಿ ತಡೆದು ಕಾಡಿದರೂ ಸಿಂಧಿಯಾ ಉಳಿಯಿತು. ಯುದ್ಧ ಬಂದಾಗ ಅದರ ಹಡಗುಗಳೂ ಸರ್ಕಾರದ ಕೆಲಸಕ್ಕೆ ಹೋದವು, ಒಂದೊಂದಾಗಿ ಮುಳುಗಿದವು. ಮುಂಬಯಿ ಸ್ಫೋಟಕ್ಕೆ ಒಂದು ತಿಂಗಳು ಮೊದಲು, 1944ರ ಮಾರ್ಚ್ 16ರಂದು, ಸಿಂಧಿಯಾದ ಎಲ್ ಮದೀನಾ ಹಡಗನ್ನು ಬಂಗಾಳ ಕೊಲ್ಲಿಯಲ್ಲಿ ಜಪಾನಿನ ಜಲಾಂತರ್ಗಾಮಿ ಮುಳುಗಿಸಿತು. ಸತ್ತವರು 380.

ಎಲ್ ಮದೀನಾ ಹಡಗನ್ನು ಕೊಂದದ್ದು ಶತ್ರು. ಜಲಪದ್ಮವನ್ನು ಕೊಂದದ್ದು ಸ್ವಂತ ಪಕ್ಷದ ಹಡಗು. ಮುಂಬಯಿಯ ನೀರಿನಲ್ಲಿ ಆ ದಿನ ಶತ್ರುವೇ ಇರಲಿಲ್ಲ. ವಾಲಚಂದರು ಸೋಲೊಪ್ಪಲಿಲ್ಲ. 1941ರಲ್ಲಿ ವಿಶಾಖಪಟ್ಟಣದಲ್ಲಿ ಅವರು ಅಡಿಗಲ್ಲು ಹಾಕಿಸಿದ್ದ ಹಡಗು ಕಟ್ಟೆಯಿಂದ 1948ರ ಮಾರ್ಚ್ 14ರಂದು ಜಲ ಉಷಾ ನೀರಿಗಿಳಿಯಿತು. ಇಳಿಸಿದವರು ಪ್ರಧಾನಿ ನೆಹರೂ. ಸ್ವತಂತ್ರ ಭಾರತದ ಹಡಗು ಕಟ್ಟುವ ಕೆಲಸ ಅಲ್ಲಿಂದ ಆರಂಭ.

ತಪ್ಪು ಯಾರದು?

ಸರ್ಕಾರ ವಿಚಾರಣೆ ನಡೆಸಿತು. ಶತ್ರುವಿನ ಕೈವಾಡವೆಂಬ ಅನುಮಾನ ನಿಲ್ಲಲಿಲ್ಲ. ಹತ್ತಿಯ ಬಳಿ ಯಾರೋ ಸೇದಿ ಎಸೆದ ಬೀಡಿಯೋ ಸಿಗರೇಟೋ ಕಾರಣವಾಗಿರಬೇಕೆಂಬ ತರ್ಕವೇ ಹೆಚ್ಚು ಒಪ್ಪಿಗೆಯಾಯಿತು. ಹಾಗೆಂದ ಮೇಲೆ ತಪ್ಪು ಒಬ್ಬ ಬಡ ಕೂಲಿಕಾರನ ತಲೆಗೆ ಹೋಗುವುದು ಸುಲಭ. ಆದರೆ ಒಂದು ಬೀಡಿಯ ಕಿಡಿಯಿಂದ ಒಂದು ಅಂಡಿಗೆ ಸುಡಬಹುದು, ಹೆಚ್ಚೆಂದರೆ ಒಂದು ಗೋದಾಮು ಸುಡಬಹುದು. ಪಟ್ಟಣ ಸುಡಬೇಕಾದರೆ ಆ ಕಿಡಿಗಿಂತ ಮುಂಚೆ ಬಹಳ ಜನ ಬಹಳ ಸಹಿ ಹಾಕಿರಬೇಕು.

ಕರಾಚಿಯಲ್ಲಿ ಜಾಗ ಉಳಿಸಲೆಂದು ಮದ್ದಿನ ಮಗ್ಗುಲಲ್ಲಿ ಹತ್ತಿ ಇಟ್ಟರು. ಮುಂಬಯಿಯಲ್ಲಿ ಹೊತ್ತು ಉಳಿಸಲೆಂದು ಗೋದಿಯೊಳಗೆ ಬಿಟ್ಟರು. ಬಾವುಟ ಏರಿಸಲಿಲ್ಲ. ದೋಣಿ ಬರಲಿಲ್ಲವೆಂದು ಮದ್ದು ಉಳಿಸಿದರು. ಬಿಡುವಿದೆಯೆಂದು ಯಂತ್ರ ಬಿಚ್ಚಿದರು. ಈ ಒಂದೊಂದು ನಿರ್ಧಾರವನ್ನೂ ಬೇರೆ ಬೇರೆ ನೋಡಿದರೆ ಅದಕ್ಕೊಂದು ಸಮಜಾಯಿಷಿ ಇದೆ. ಯಾವುದೂ ದುಷ್ಟತನವಲ್ಲ. ಒಂದರ ಮೇಲೊಂದು ಕೂಡಿದಾಗ ಅವೇ ಮದ್ದಾದವು. ಅವೆಲ್ಲವನ್ನೂ ಒಟ್ಟಾಗಿ ನೋಡುವ ಕಣ್ಣು ಒಂದೂ ಇರಲಿಲ್ಲ. ಬೆಂಕಿ ಹತ್ತಿದ ಮೇಲೂ ಎರಡು ತಾಸಿನ ಅವಕಾಶವಿತ್ತು. ಹಡಗು ಉಳಿಯುತ್ತಿರಲಿಲ್ಲ, ನಿಜ. ಆದರೆ ಗೋದಿಯ ಜನರನ್ನು ಹೊರಗೆ ಕಳಿಸಲು, ಪಕ್ಕದ ಹಡಗಿನವರಿಗೆ ಎಚ್ಚರಿಕೆ ಕೊಡಲು ಎರಡು ತಾಸು ಸಾಕಿತ್ತು. ಅದು ಆಗಲಿಲ್ಲ. ಹಡಗನ್ನು ಏನು ಮಾಡಬೇಕೆಂಬ ಚರ್ಚೆಯಲ್ಲಿ ಜನರನ್ನು ಏನು ಮಾಡಬೇಕೆಂಬ ಪ್ರಶ್ನೆ ಯಾರ ಪಾಲಿಗೂ ಬರಲಿಲ್ಲ.

ಸಭಿಕರೆ, ಚಡಚಣ ಜವಳಿಯ ಪೇಟೆ. ಮದುವೆಯ ಹಂಗಾಮಿನಲ್ಲಿ ಗಡಿಯ ಆಚೆಯಿಂದಲೂ ಗಿರಾಕಿ ಬರುವ ಊರು. ಅಂಗಡಿಯ ಹಿಂದೆ ಗೋದಾಮು, ಗೋದಾಮಿನ ಮೇಲೆ ಮನೆ, ಮೆಟ್ಟಿಲ ಕೆಳಗೆ ಬಟ್ಟೆಯ ಗಂಟು, ಗಂಟಿನ ಪಕ್ಕದಲ್ಲಿ ಗ್ಯಾಸ್ ಸಿಲಿಂಡರ್, ಅದರ ಮೇಲೆ ಹಳೆಯ ವಿದ್ಯುತ್ ತಂತಿ. ಯಾವ ಪೇಟೆಗೆ ಹೋದರೂ ಈ ನೋಟ ಕಾಣುತ್ತದೆ. ಒಂದೊಂದಕ್ಕೂ ಕಾರಣ ಕೇಳಿದರೆ ಉತ್ತರ ಸಿದ್ಧವಿದೆ: ಜಾಗವಿಲ್ಲ, ನಾಳೆ ತೆಗೆಯುತ್ತೇವೆ, ಇಷ್ಟು ವರ್ಷ ಏನೂ ಆಗಿಲ್ಲ. ಕರಾಚಿಯ ಧಕ್ಕೆಯಲ್ಲಿ ಹೇಳಿದ್ದೂ ಇದೇ ಮಾತು.

ಮುಂಬಯಿಯ ಬೈಕುಲಾದ ಅಗ್ನಿಶಾಮಕ ಕೇಂದ್ರದಲ್ಲಿ ಆ 66 ಜನರ ಸ್ಮಾರಕವಿದೆ. ಅದರ ಮುಂದೆ ಪ್ರತಿ ಏಪ್ರಿಲ್ 14ರಂದು ಹೂವು ಬೀಳುತ್ತದೆ. ಗೋದಿಯ ಬಾಗಿಲಲ್ಲಿ ನಿಂತು ಕೈ ಎತ್ತಿ ಒಳಗೆ ಹೋದ ಹಮಾಲರಿಗೆ ಅಂಥ ಕಲ್ಲಿಲ್ಲ. ಮುಂದಿನ ಏಪ್ರಿಲ್‌ನಲ್ಲಿ ಕೆಂಪು ವಾಹನ ಶಾಲೆಯ ಅಂಗಳಕ್ಕೆ ಬಂದಾಗ, ನೀರಿನ ಚಿಮ್ಮು ನೋಡಿ ಕೇಕೆ ಹಾಕುವ ಮಕ್ಕಳಿಗೆ ಈ ಎರಡೂ ಬಗೆಯ ಜನರ ಮಾತು ಹೇಳಬೇಕು. ಹೊಗೆ ಕಂಡವನು ಸುಮ್ಮನಿರಬಾರದು, ಬೆಂಕಿ ಬಿದ್ದಲ್ಲಿ ಮೊದಲು ಜನರನ್ನು ಹೊರಗೆ ಕಳಿಸಬೇಕು, ಆಮೇಲೆ ಸರಕಿನ ಯೋಚನೆ. ಇಷ್ಟನ್ನು ಕಲಿತರೆ ಫೋರ್ಟ್ ಸ್ಟಿಕಿನ್ ಕಥೆಯನ್ನು ಕೇಳಿದ್ದು ಸಾರ್ಥಕ.